ನೂರರ ಕಾಗದ, ಎಪ್ಪತ್ತರ ಕಾಗದ

ಬೈಂಡರ್ ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿದವನು. ಅದು ಮುಚ್ಚಿದ ಮೇಲೆ ಬೀಗ ರಿಪೇರಿಯವನ ಅಂಗಡಿಗೆ ಅಂಟಿಕೊಂಡ ಉದ್ದನೆಯ ಕೋಣೆಯೊಂದನ್ನು ಹಿಡಿದು ಹೆಂಡತಿಯ ಜೊತೆ ಸ್ವಂತ ಕೆಲಸ ಶುರುಮಾಡಿದ್ದ. ನೋಟ್‌ಬುಕ್ಕಿಗೆ, ಪ್ಲಾನರಿಗೆ ಕೈಯಲ್ಲೇ ಮಾಡಿದ ಕವರುಗಳು. ಚರ್ಮದ್ದು, ದಪ್ಪ ಕ್ಯಾನ್ವಾಸಿನದು, ಮೇಣ ಹಾಕಿದ ಬಟ್ಟೆಯದು. ಕವರಿನ ಬೆನ್ನಿನ ಒಳಗಡೆ ಉದ್ದಕ್ಕೆ ನಾಲ್ಕು ಎಲಾಸ್ಟಿಕ್ ದಾರ ಎಳೆದಿರುತ್ತಿದ್ದರು. ಒಂದೊಂದು ದಾರಕ್ಕೆ ಒಂದೊಂದು ತೆಳ್ಳನೆಯ ಪುಸ್ತಕ ಸಿಕ್ಕಿಸಿದರಾಯಿತು, ಅದೇ ರೀಫಿಲ್. ಬರೆದು ಮುಗಿದದ್ದನ್ನು ತೆಗೆದು ಹೊಸದನ್ನು ಸಿಕ್ಕಿಸಿಕೊಳ್ಳಬೇಕು. ಕವರು ಮಾತ್ರ ಅದೇ, ವರ್ಷ ಕಳೆದಷ್ಟೂ ಕೈಗೆ ಪಳಗುತ್ತದೆ. ಕವರು ಅಂದರೆ ಮದುವೆ ಇದ್ದ ಹಾಗೆ, ರೀಫಿಲ್ಲು ದಿನದ ಅಡುಗೆ ಇದ್ದ ಹಾಗೆ ಎಂದು ಬೈಂಡರ್ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಹೆಂಡತಿ ಸೂಜಿಯಿಂದ ಕಣ್ಣೆತ್ತದೆ, ಎರಡರಲ್ಲೂ ದುಡಿಯೋದು ಹೆಂಗಸೇ ಅನ್ನುತ್ತಿದ್ದಳು. ಗಿರಾಕಿ ಇನ್ನೊಂದು ಸಲ ನಗುತ್ತಿದ್ದ.

ಆ ಮಾತು ಸುಳ್ಳೇನಲ್ಲ. ಚರ್ಮ ಕತ್ತರಿಸುವುದು, ಬಣ್ಣ ಹಾಕುವುದು, ಮಾತಾಡುವುದು ಅವನ ಕೆಲಸ. ಹೊಲಿಗೆ ಪೂರ್ತಿ ಅವಳದು. ಹಿಂದಿನ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತು, ದಬ್ಬಳದಲ್ಲಿ ಮೊದಲು ತೂತು ಮಾಡಿಕೊಂಡು, ಎರಡು ಸೂಜಿ ಹಿಡಿದು ಎರಡೂ ಕಡೆಯಿಂದ ಹೊಲಿಯುತ್ತಿದ್ದಳು. ಸ್ಕೇಲು ಇಟ್ಟು ಅಳೆದರೂ ಒಂದು ಹೊಲಿಗೆಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಸಿಗುತ್ತಿರಲಿಲ್ಲ. ರೀಫಿಲ್ಲಿನ ಹಾಳೆಗಳನ್ನು ಮಡಿಸಿ ನಡುವೆ ದಾರ ಹಾಕುವವಳೂ ಅವಳೇ.

ಅಂಗಡಿಯ ಮುಂದೆ ಬೈಂಡರ್ ತನ್ನ ಕೈಯಾರೆ ಬರೆದ ಬೋರ್ಡು ಇತ್ತು: ‘ನಮ್ಮ ರೀಫಿಲ್ಲುಗಳೆಲ್ಲ ನೂರರ ಕಾಗದ.’ ಕಾಗದದ ತೂಕಕ್ಕೆ ಒಂದು ಲೆಕ್ಕವಿದೆ. ನೂರರದು ದಪ್ಪ, ಇಂಕು ಪೆನ್ನಿನಲ್ಲಿ ಬರೆದರೂ ಹಿಂದಿನ ಪುಟಕ್ಕೆ ಮೂಡುವುದಿಲ್ಲ. ಎಪ್ಪತ್ತರದು ತೆಳು, ಅಗ್ಗ, ಮೂಡುತ್ತದೆ. ಕಣ್ಣಿಗೆ ಎರಡೂ ಒಂದೇ ಥರ.

ಒಂದೂವರೆ ವರ್ಷದ ಹಿಂದೆ ಕಾಗದದ ಗೋದಾಮಿನವರು ತಪ್ಪಿ ಎಪ್ಪತ್ತರ ಕಟ್ಟು ಕಳಿಸಿದರು. ಬಣ್ಣ ಅದೇ ಕೆನೆಬಣ್ಣ. ವಾಪಸ್ ಕಳಿಸಿ ಹೊಸದು ತರಿಸಲು ವಾರ ಹಿಡಿಯುತ್ತಿತ್ತು, ಕೆಲಸ ಕೈತುಂಬ ಇತ್ತು. ಇದೊಂದು ಕಟ್ಟು ಹೋಗಲಿ ಬಿಡು ಎಂದು ಅವನು ಹೆಂಡತಿಗೆ ಹೇಳಿದ. ಒಂದು ಕಟ್ಟು ಹೋಯಿತು. ಯಾರೂ ಏನೂ ಅನ್ನಲಿಲ್ಲ. ಮುಂದಿನ ಸಲ ಗೋದಾಮಿಗೆ ಅವನೇ ಫೋನು ಮಾಡಿ, ಹೋದ ಸಲದ್ದನ್ನೇ ಕಳಿಸಿ ಎಂದ. ಬೋರ್ಡು ಇದ್ದಲ್ಲೇ ಇತ್ತು. ಹೆಂಡತಿ ಒಂದೇ ಒಂದು ಸಲ ಬಾಯಿಬಿಟ್ಟಳು, ಮಡಿಸುವಾಗ ಬೆರಳಿಗೆ ಗೊತ್ತಾಗುತ್ತದೆ, ಬರೆಯುವವರಿಗೆ ಗೊತ್ತಾಗುವುದಿಲ್ಲವೇ ಎಂದು. ಅವನು ಅಂದು ಸಿಕ್ಕಾಪಟ್ಟೆ ಕೂಗಾಡಿದ. ಇಪ್ಪತ್ತೆರಡು ವರ್ಷ ಕಾಗದದ ಮಧ್ಯೆ ಬದುಕಿದವನಿಗೆ ನೀನು ಪಾಠ ಹೇಳುತ್ತೀಯಾ ಎಂದ. ಪಕ್ಕದ ಬೀಗದವನು ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಳ್ಳುವಷ್ಟು ಜೋರಾಗಿ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಎಪ್ಪತ್ತರ ಹಾಳೆಗಳನ್ನೂ ಅಷ್ಟೇ ನೇರವಾಗಿ ಮಡಿಸಿ ಕೊಟ್ಟಳು.

ಅವನ ಗಿರಾಕಿಗಳಲ್ಲೆಲ್ಲ ಹಳಬರು ಅಂದರೆ ದೊಡ್ಡಾಸ್ಪತ್ರೆಯ ಹೆಡ್ ನರ್ಸ್. ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆರು ವರ್ಷದ ಹಿಂದೆ ಮೊದಲ ಸಲ ಬಂದಾಗ ಒಂದು ಕವರು ಆರಿಸಲು ಅವರು ತೆಗೆದುಕೊಂಡದ್ದು ಒಂದು ಗಂಟೆಗೂ ಹೆಚ್ಚು. ಎಂಟು ಕವರು ಬೇಡವೆಂದರು. ಒಂದು ತೀರ ಹೊಳೆಯುತ್ತಿತ್ತು, ರೋಗಿಗಳ ಮುಂದೆ ಹಿಡಿದರೆ ಚೆನ್ನಾಗಿರುವುದಿಲ್ಲ. ಇನ್ನೊಂದರ ಗುಂಡಿ ತೆಗೆಯಲು ಎರಡೂ ಕೈ ಬೇಕು, ವಾರ್ಡಿನಲ್ಲಿ ಒಂದು ಕೈ ಯಾವಾಗಲೂ ಬೇರೆ ಕೆಲಸದಲ್ಲಿರುತ್ತದೆ. ಮತ್ತೊಂದು ಜೇಬಿಗೆ ಇಳಿಯದು. ಕೊನೆಗೆ ಕಡುಹಸಿರು ಚರ್ಮದ್ದೊಂದನ್ನು ಮೂಸಿ ನೋಡಿ, ಬಗ್ಗಿಸಿ ನೋಡಿ, ಮೂಲೆಯನ್ನು ಉಗುರಿನಿಂದ ಒತ್ತಿ ನೋಡಿ, ಇದು ಸಾಕು ಎಂದರು. ಒಳಗೆ ಮೂರು ರೀಫಿಲ್: ವಾರದ ಪ್ಲಾನರು ಒಂದು, ವಾರ್ಡಿನ ಕೆಲಸಕ್ಕೆ ಗೆರೆ ಎಳೆದದ್ದು ಒಂದು, ಏನೂ ಗೆರೆಯಿಲ್ಲದ ಖಾಲಿ ಹಾಳೆಯದೊಂದು. ಬರೆಯುವುದು ಇಂಕು ಪೆನ್ನಿನಲ್ಲೇ. ಆದ್ದರಿಂದ ರೀಫಿಲ್ ಕೊಳ್ಳುವಾಗೆಲ್ಲ, ಇದು ನೂರರ ಕಾಗದ ತಾನೇ ಎಂದು ಕೇಳುತ್ತಿದ್ದರು. ನಿಮಗೆ ಬೇರೆ ಕೊಡ್ತೀನಾ ಸಿಸ್ಟರ್ ಎಂದು ಅವನು ಅನ್ನುತ್ತಿದ್ದ. ಮೊದಲೆಲ್ಲ ಅದು ನಿಜವೇ ಆಗಿತ್ತು.

ವರ್ಷದಿಂದ ಈಚೆಗೆ ಅವರು ಹಾಗೆ ಕೇಳುವುದನ್ನು ಬಿಟ್ಟಿದ್ದರು. ನಂಬಿಕೆ ಬಂದಿದೆ ಎಂದುಕೊಂಡ. ಮೂರು ತಿಂಗಳಿಗೊಮ್ಮೆ ಬರುತ್ತಿದ್ದವರು ಆರು ವಾರಕ್ಕೇ ಖಾಲಿಯಾಯಿತು ಎಂದು ಬರತೊಡಗಿದ್ದರು. ನೋಡು, ನಮ್ಮ ಪುಸ್ತಕದಲ್ಲಿ ಬರೆಯೋಕೆ ಎಷ್ಟು ಖುಷಿ ಅವರಿಗೆ ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟಿದ್ದ. ಅದಲ್ಲದೆ ಕೆಲವು ವಾರಗಳ ಹಿಂದೆ, ಹೊಸದಾಗಿ ಸೇರಿದ ನರ್ಸುಗಳಿಗೆಂದು ಹನ್ನೆರಡು ಕ್ಯಾನ್ವಾಸ್ ಕವರು ಮಾಡಿಸಿದ್ದರು. ರೀಫಿಲ್ ಆಸ್ಪತ್ರೆಯಿಂದಲೇ ಕೊಡುತ್ತಾರೆ, ಬರೀ ಕವರು ಸಾಕು ಎಂದಿದ್ದರು.

ಒಂದು ಮಧ್ಯಾಹ್ನ ಸಿಸ್ಟರ್ ಆ ಹಸಿರು ಕವರು ಹಿಡಿದುಕೊಂಡು ಬಂದರು. ಅಂಚಿನ ಹೊಲಿಗೆ ಒಂದು ಕಡೆ ಬಿಚ್ಚಿಕೊಂಡಿತ್ತು, ಒಂದು ಎಲಾಸ್ಟಿಕ್ ಸಡಿಲವಾಗಿತ್ತು. ಆರು ವರ್ಷದ ಓಡಾಟ, ಬಿಚ್ಚದೆ ಏನು ಮಾಡೀತು. ಒಳಗಿನ ಪುಸ್ತಕಗಳನ್ನು ತೆಗೆದುಕೊಳ್ಳಬೇಕೆಂದು ಅವರು ಕೈಹಾಕುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಮಾತು ಕೇಳುತ್ತಲೇ ಮುಖ ಗಂಭೀರವಾಯಿತು. ಕವರನ್ನು ಹಾಗೇ ಮೇಜಿನ ಮೇಲಿಟ್ಟು, ನಾಳೆ ಸಂಜೆ ಬರುತ್ತೇನೆ ಎಂದು ಸರಸರನೆ ಹೋಗಿಬಿಟ್ಟರು.

ಹೆಂಡತಿ ಊಟಕ್ಕೆ ಮನೆಗೆ ಹೋಗಿದ್ದಳು. ಬೈಂಡರ್ ರೀಫಿಲ್ಲುಗಳನ್ನು ಒಂದೊಂದಾಗಿ ದಾರದಿಂದ ಜಾರಿಸಿ ತೆಗೆದ. ಮೂರನೆಯದನ್ನು, ಗೆರೆಯಿಲ್ಲದ್ದನ್ನು, ತೆಗೆಯುವಾಗ ಅದು ನಡುವೆ ತೆರೆದುಕೊಂಡಿತು. ಬಲಗಡೆಯ ಪುಟದ ತುಂಬ ನೀಲಿ ಅಕ್ಷರ. ಎಡಗಡೆ ಖಾಲಿ. ಆ ಖಾಲಿ ಪುಟದ ಮೇಲೆ, ಹಿಂದಿನಿಂದ ಮೂಡಿದ ಇಂಕಿನ ಚುಕ್ಕೆಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಪುಟ ತಿರುವಿದ. ಅಲ್ಲೂ ಹಾಗೇ. ಪುಸ್ತಕದುದ್ದಕ್ಕೂ ಅವರು ಒಂದೇ ಮಗ್ಗುಲಿಗೆ ಬರೆದಿದ್ದರು. ಅರ್ಧ ಪುಸ್ತಕ ಬರೆಯದೆಯೇ ಹೋಗಿತ್ತು. ಆರು ವಾರಕ್ಕೇ ಏಕೆ ಖಾಲಿಯಾಗುತ್ತಿತ್ತು ಎಂದು ಆಗ ಅವನಿಗೆ ಹೊಳೆಯಿತು.

ಅಲ್ಲಿಗೆ ಮುಚ್ಚಿಡಬೇಕಿತ್ತು. ಅವನು ಕಾಗದ ನೋಡುತ್ತಿದ್ದವನು ಅಕ್ಷರ ನೋಡತೊಡಗಿದ. ಬೈಂಡರ್ ಎಂಬ ಶಬ್ದ ಕಣ್ಣಿಗೆ ಬಿದ್ದ ಮೇಲಂತೂ ನಿಲ್ಲಿಸಲು ಆಗಲೇ ಇಲ್ಲ.

‘ಹೊಸ ರೀಫಿಲ್. ಕಾಗದ ಈ ಸಲವೂ ತೆಳು. ಬಲಗಡೆ ಮಾತ್ರ ಬರೆಯಬೇಕು.’

ಕೆಲವು ಪುಟದ ಆಚೆ: ‘ಬೈಂಡರಿಗೆ ಹೇಳಲೇಬೇಕೆಂದು ಹೋದೆ. ಹೆಂಡತಿ ಅಲ್ಲೇ ಕೂತಿದ್ದರು. ಅವರ ಮುಂದೆ ಬೇಡ ಅನ್ನಿಸಿತು.’

ಇನ್ನೊಂದು ಕಡೆ: ‘ಹೊಸಬರಿಗೆ ಕವರು ಅಲ್ಲಿಯದೇ ಇರಲಿ. ಆ ಹೊಲಿಗೆಯಲ್ಲಿ ಮೋಸವಿಲ್ಲ. ರೀಫಿಲ್ ಬೇರೆ ಕಡೆ ನೋಡಬೇಕು.’

ಅವನ ಕಿವಿ ಬಿಸಿಯಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕುಡಿದಿದ್ದ, ಮನೆಯವರೆಲ್ಲ ನಿಂತು ನೋಡಿದ್ದರು. ಆದರೂ ಪುಟ ತಿರುವುತ್ತಲೇ ಹೋದ. ತನ್ನ ಬಗ್ಗೆ ಇನ್ನೇನು ಬರೆದಿದ್ದಾರೋ ಎಂಬ ಆತಂಕವೋ, ಎಲ್ಲಾದರೂ ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆಯೋ. ಸಿಕ್ಕಿದ್ದು ಬೇರೆ.

‘ಭಾನುವಾರ. ತಮ್ಮನ ಮನೆ. ಬಾಗಿಲು ತೆಗೆಯಲಿಲ್ಲ. ಒಳಗೆ ರೇಡಿಯೊ ಕೇಳುತ್ತಿತ್ತು.’

‘ಭಾನುವಾರ. ಹಣ್ಣು ಬಾಗಿಲ ಹತ್ತಿರ ಇಟ್ಟು ಬಂದೆ. ಹೋದ ವಾರದ ಚೀಲ ಅಲ್ಲೇ ಇತ್ತು.’

‘ಭಾನುವಾರ. ಹೋದೆ.’

ಅಲ್ಲಿಂದ ಮುಂದೆ ಉಳಿದ ಭಾನುವಾರಗಳೂ ಹಾಗೇ ಇದ್ದವು, ಹೋದೆ ಎಂಬ ಒಂದೇ ಮಾತು. ಬೀಗದವನ ಅಂಗಡಿಯಲ್ಲಿ ಯಾವುದೋ ಪೆಟ್ಟಿಗೆ ದಢಾರನೆ ಬಿತ್ತು. ಬೈಂಡರ್ ಬೆಚ್ಚಿ ಪುಸ್ತಕ ಮುಚ್ಚಿದ. ಮೂರನ್ನೂ ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿಟ್ಟ.

ಅವನಿಗೆ ತೋಚಿದ ಪರಿಹಾರ ಒಂದೇ. ಅಂದೇ ಗೋದಾಮಿಗೆ ಹೋಗಿ ನೂರರ ಕಾಗದ ತಂದ. ತಾನೇ ಕೂತು ಕತ್ತರಿಸಿದ, ಮಡಿಸಿದ. ಗೆರೆಯಿಲ್ಲದ ಎರಡು ರೀಫಿಲ್. ಯಾರಿಗೆ ಎಂದು ಹೆಂಡತಿ ಕೇಳಿದಳು. ಸಿಸ್ಟರಿಗೆ ಎಂದ. ಅವಳು ಹಾಳೆಯೊಂದನ್ನು ಬೆರಳಿನ ನಡುವೆ ಹಿಡಿದು ನೋಡಿ, ಮುಗುಳ್ನಕ್ಕಳು. ಗಂಡ ತಾನಾಗಿಯೇ ದಾರಿಗೆ ಬಂದ ಎಂದು ಅವಳ ಲೆಕ್ಕ. ಎಷ್ಟೋ ತಿಂಗಳ ಮೇಲೆ ಅವಳು ಅವನನ್ನು ನೋಡಿ ಹಾಗೆ ನಕ್ಕಿದ್ದಳು. ಅವನು ಆ ನಗುವನ್ನು ಎದುರಿಸಲು ಮುಖವಿಲ್ಲದೆ, ಅಂಟು ಕಲಸುವ ನೆಪ ಮಾಡಿ ಆಚೆ ತಿರುಗಿದ. ಅವಳು ಆ ಸಂಜೆಯೇ ಹಸಿರು ಕವರಿನ ಹಳೆ ಹೊಲಿಗೆಯನ್ನೆಲ್ಲ ಬಿಚ್ಚಿ ಸುತ್ತಲೂ ಹೊಸದಾಗಿ ಹೊಲಿದಳು.

ಮರುದಿನ ಸಿಸ್ಟರ್ ಬಂದರು. ಹೊಲಿಗೆಯ ಮೇಲೆ ಬೆರಳಾಡಿಸಿ, ಬಹಳ ಚೆನ್ನಾಗಿದೆ ಎಂದು ಹೆಂಡತಿಗೆ ಹೇಳಿದರು. ಬೈಂಡರ್ ಕಂದು ಕಾಗದದ ಕಟ್ಟನ್ನು ಕೊಟ್ಟ. ಅದರ ಮೇಲೆ ಎರಡು ಹೊಸ ರೀಫಿಲ್ ಇಟ್ಟ. ಇದು ನಮ್ಮ ಕಡೆಯಿಂದ, ಹಳೇ ಗಿರಾಕಿ ನೀವು, ಬೇಡ ಅನ್ನಬಾರದು ಎಂದ. ಅವರು ಸಂಕೋಚದಿಂದಲೇ ಕೈಗೆ ತೆಗೆದುಕೊಂಡರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾಲಿಗೆಗೆ ಎಲುಬಿಲ್ಲ.

“ಇನ್ಮೇಲೆ ಎರಡೂ ಕಡೆ ಬರೀಬಹುದು ಸಿಸ್ಟರ್,” ಎಂದುಬಿಟ್ಟ.

ಸಿಸ್ಟರ್ ಕೈ ನಿಂತಿತು. ತಾವು ಒಂದೇ ಕಡೆ ಬರೆಯುವುದಾಗಿ ಅವರು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಅವರು ಕಟ್ಟಿನ ದಾರವನ್ನು ನೋಡಿದರು, ಅವನನ್ನು ನೋಡಿದರು.

“ಓದಿದ್ರಾ?”

“ಇಲ್ಲ ಸಿಸ್ಟರ್. ತೆಗೆಯೋವಾಗ ತೆರ್ಕೊಳ್ತು. ಕಾಗದ ಮಾತ್ರ ಕಣ್ಣಿಗೆ ಬಿತ್ತು.”

“ಎಲ್ಲಿವರೆಗೆ ಓದಿದ್ರಿ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ನೋವು, ಎಷ್ಟು ದಿನದಿಂದ ಎಂದು ರೋಗಿಯನ್ನು ಕೇಳುವ ದನಿ. ಅಂಥ ದನಿಗೆ ಎರಡನೆಯ ಸಲ ಸುಳ್ಳು ಹೇಳಲು ಅವನಿಂದಾಗಲಿಲ್ಲ.

“ತಮ್ಮನ ಮನೆವರೆಗೆ,” ಎಂದ.

ಕಿಟಕಿಯ ಹತ್ತಿರ ಹೆಂಡತಿಯ ಕೈಯ ಸೂಜಿಯೂ ನಿಂತಿತ್ತು. ಸಿಸ್ಟರ್ ಎರಡು ಹೊಸ ರೀಫಿಲ್ಲುಗಳನ್ನು ಮೇಜಿನ ಮೇಲೆ ಅಂಚು ಕೂಡಿಸಿ ಇಟ್ಟರು. ಹೊಲಿಗೆಯ ಕೂಲಿಯನ್ನು ಕಿಟಕಿಯ ತನಕ ನಡೆದು ಹೋಗಿ ಹೆಂಡತಿಯ ಕೈಗೇ ಕೊಟ್ಟರು. ಕವರನ್ನೂ ಕಟ್ಟನ್ನೂ ಚೀಲಕ್ಕೆ ಹಾಕಿಕೊಂಡು, ಹೋಗಿಬರುತ್ತೇನೆ ಎಂದೂ ಅನ್ನದೆ ಇಳಿದು ಹೋದರು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಅನ್ನುವುದನ್ನು ಬೈಂಡರ್ ಎಷ್ಟೋ ಸಲ ಕೇಳಿದ್ದ. ಅಂದು ಅವನು ನಿಜಕ್ಕೂ ತನ್ನ ಕಾಲಬುಡದ ಹಲಗೆಯನ್ನು ನೋಡಿದ.

ಹೆಂಡತಿ ಕೈಯ ಕೆಲಸ ಕೆಳಗಿಟ್ಟು ಮಾತಾಡಿದಳು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಿಮ್ಮನ್ನ ಯಾರೂ ಕಳ್ಳ ಅಂತಾನೂ ಅಂದಿರ್ಲಿಲ್ಲ.”

ಅವನು ಮೇಜಿನ ಮೇಲಿದ್ದ ಎರಡು ರೀಫಿಲ್ಲುಗಳನ್ನು ಬದಿಗೆ ಸರಿಸಿದ.

“ಕಾಗದದ ವಿಷಯ ಅವರಿಗೆ ಮೊದಲ ದಿನವೇ ಗೊತ್ತಾಯ್ತು. ಹಾಳೆ ಹೀಗೆ ಉಜ್ಜಿ ನೋಡಿ, ನನ್ನ ಮುಖ ನೋಡಿದ್ರು. ನಾನು ಸೂಜಿ ನೋಡ್ದೆ. ವರ್ಷದಿಂದ ಅವರು ಬಂದಾಗೆಲ್ಲ ನಾನು ಸೂಜಿನೇ ನೋಡ್ತಿದೀನಿ. ನೀವು ಒಬ್ಬರೇ ಮಾಡಿದ್ದಲ್ಲ ಅದು, ನನ್ನ ಕೈಲೂ ಮಾಡಿಸಿದ್ರಿ.” ಮತ್ತೆ ಸೂಜಿ ಎತ್ತಿಕೊಳ್ಳುತ್ತ ಹೇಳಿದಳು, “ಇನ್ನು ಆ ಹಾಳೆ ನಾನು ಮಡಿಸಲ್ಲ.”

ಮರುದಿನ ಬೆಳಗ್ಗೆ ಅವನು ಸ್ಟೂಲು ಹಾಕಿ ಬೋರ್ಡು ಇಳಿಸಿದ. ಉಳಿದಿದ್ದ ರೀಫಿಲ್ಲುಗಳ ಮೇಲೆಲ್ಲ, ಇದು ಎಪ್ಪತ್ತರ ಕಾಗದ, ಇಂಕು ಹಿಂದಕ್ಕೆ ಮೂಡುತ್ತದೆ ಎಂದು ಚೀಟಿ ಬರೆದು ಅಂಟಿಸಿದ. ಹಳೇ ಗಿರಾಕಿ ಯಾರು ಬಂದರೂ, ಒಂದೂವರೆ ವರ್ಷದಿಂದ ನೂರರದು ಎಂದು ಎಪ್ಪತ್ತರದು ಕೊಟ್ಟಿದ್ದೇನೆ, ಬೇಕಾದರೆ ಬದಲಿಸಿ ಕೊಡುತ್ತೇನೆ ಎಂದು ತಾನಾಗಿ ಹೇಳಿದ. ಬೈಸಿಕೊಳ್ಳಲು ಸಿದ್ಧನಾಗಿಯೇ ಇದ್ದ. ಹತ್ತರಲ್ಲಿ ಒಂಬತ್ತು ಜನ ಬೈಯಲೇ ಇಲ್ಲ. ಕಾಲೇಜಿನ ಹುಡುಗಿಯೊಬ್ಬಳು, ನಾನು ಬರೆಯೋದು ಪೆನ್ಸಿಲ್ಲಿನಲ್ಲಿ ಅಂಕಲ್, ನನಗೆ ಏನಾದರೇನು ಎಂದಳು. ನಕ್ಷೆ ಬರೆಯುವ ಎಂಜಿನಿಯರು, ಹೌದೇ, ನನ್ನ ಪೆನ್ನೇ ಸರಿಯಿಲ್ಲವೆಂದುಕೊಂಡು ಹೊಸದು ಕೊಂಡುಬಿಟ್ಟೆನಲ್ಲ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡ. ಆ ನಗು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಬ್ಬರು ಮಾತ್ರ, ಮದುವೆ ಮನೆಗಳಿಗೆ ಅಡುಗೆ ಮಾಡಿಸುವ ಹೆಂಗಸು, ಸರಿಯಾಗಿ ಝಾಡಿಸಿದರು. ನನ್ನ ಪಾಕದ ಅಳತೆಯೆಲ್ಲ ಒಂದರ ಮೇಲೊಂದು ಮೂಡಿ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದೆ ಒದ್ದಾಡಿದ್ದೇನೆ ಎಂದರು. ಅಂದು ಅವನಿಗೆ ಊಟ ಸೇರಿತು.

ಸಿಸ್ಟರ್ ಬರಲಿಲ್ಲ. ಆರು ವಾರ ಕಳೆಯಿತು, ಮೂರು ತಿಂಗಳೂ ಕಳೆಯಿತು. ಒಂದು ದಿನ ಬೈಂಡರ್ ಶರಟು ಬದಲಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದ. ಎರಡನೆಯ ಮಹಡಿಯ ವಾರ್ಡಿನ ಹೊರಗೆ, ಗೋಡೆಗೆ ಆನಿಸಿದ್ದ ಬೆಂಚಿನ ತುದಿಯಲ್ಲಿ ಕೂತ. ಔಷಧಿಯ ವಾಸನೆ, ಗಾಲಿ ಮಂಚದ ಸದ್ದು. ಓಡಾಡುತ್ತಿದ್ದ ಎಳೆಯ ನರ್ಸುಗಳ ಕೈಯಲ್ಲಿ ಹೆಂಡತಿ ಹೊಲಿದ ಕ್ಯಾನ್ವಾಸ್ ಕವರುಗಳಿದ್ದವು. ಅವುಗಳೊಳಗೆ ಬೇರೆಯವರ ಅಂಗಡಿಯ ಕಾಗದ. ಯಾರನ್ನು ನೋಡಬೇಕು ಎಂದು ಒಬ್ಬಳು ಕೇಳಿದಳು. ಹೇಳಿದ.

“ಓ, ಕವರ್ ಮಾಡೋರು ನೀವೇನಾ? ಸಿಸ್ಟರ್ ಹೇಳ್ತಿರ್ತಾರೆ, ಆ ಅಂಗಡಿಯವರ ಕೆಲಸ ನೋಡಿ ಕಲೀರಿ, ಒಂದು ಹೊಲಿಗೆನೂ ಸೊಟ್ಟ ಇರಲ್ಲ ಅಂತ.”

ಹೌದಮ್ಮ ಎಂದ. ಹೊಲಿದವನು ತಾನಲ್ಲ ಎಂದು ಹೇಳುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಸಿಸ್ಟರ್ ಇಲ್ಲಿ ಯಾರ ಹತ್ತಿರವೂ ಅವನ ಮಾನ ಕಳೆದಿರಲಿಲ್ಲ. ಅವನೋ, ಅವರ ಪುಸ್ತಕ ಓದಿ ಅವರ ತಮ್ಮನ ಮನೆಯ ಮುಚ್ಚಿದ ಬಾಗಿಲ ತನಕ ಹೋಗಿ ಬಂದಿದ್ದ. ಬೆಂಚಿನಲ್ಲಿ ಅವನು ಇನ್ನಷ್ಟು ಮೂಲೆಗೆ ಸರಿದು ಕೂತ. ಎದ್ದು ಹೋಗಿಬಿಡೋಣ ಎಂದು ಎರಡು ಸಲ ಚಪ್ಪಲಿಗೆ ಕಾಲು ಹಾಕಿದ.

ಸಿಸ್ಟರ್ ಹೊರಗೆ ಬಂದಾಗ ತೋಳು ಇನ್ನೂ ಒದ್ದೆಯಿತ್ತು, ಆಗಷ್ಟೇ ಕೈ ತೊಳೆದಿದ್ದರು. ಅವನು ಎದ್ದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟಿತು. ತಪ್ಪಾಯಿತು ಎಂದ, ಕಾಗದದ್ದೂ ತಪ್ಪು, ಓದಿದ್ದೂ ತಪ್ಪು, ಆಮೇಲೆ ಓದಿಲ್ಲ ಎಂದದ್ದೂ ತಪ್ಪು ಎಂದ. ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ ಎಂದ.

ಅವರು ಅವನನ್ನು ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ.

“ಕಾಗದದ್ದು ನಾನು ಆವಾಗ್ಲೇ ಬಿಟ್ಟುಬಿಟ್ಟಿದ್ದೆ,” ಎಂದರು. “ಜನಕ್ಕೆ ಕಷ್ಟ ಇರತ್ತೆ, ಏನೋ ಮಾಡ್ತಾರೆ ಅಂತ. ಇನ್ನೊಂದು ಹಾಗಲ್ಲ. ಅದನ್ನ ನಾನು ಯಾರಿಗೂ ಹೇಳಿರ್ಲಿಲ್ಲ, ಹಾಳೆಗೆ ಮಾತ್ರ ಹೇಳಿದ್ದೆ. ಈಗ ನಿಮ್ಮನ್ನ ನೋಡಿದ್ರೆ ನನಗೆ ಆ ಬಾಗಿಲೇ ನೆನಪಾಗತ್ತೆ. ಅದಕ್ಕೆ ಬರ್ತಿಲ್ಲ, ಸಿಟ್ಟಿಂದ ಅಲ್ಲ.”

ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ನಿಮ್ಮ ಹೆಂಡತಿಯ ಕಣ್ಣು ಹೇಗಿದೆ, ಅಷ್ಟು ಸಣ್ಣ ಕೆಲಸ ಮಾಡುತ್ತಾರೆ, ಒಮ್ಮೆ ತೋರಿಸಲು ಹೇಳಿ ಎನ್ನುತ್ತ ಸಿಸ್ಟರ್ ಒಳಗೆ ಹೋದರು. ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ತನ್ನ ಬೀದಿಯ ತಿರುವನ್ನು ಮರೆತು ಎಷ್ಟೋ ದೂರ ಮುಂದೆ ನಡೆದು ಹೋಗಿದ್ದ.

ಹೆಂಡತಿಗೆ ಎಲ್ಲವನ್ನೂ ಹೇಳಿದ, ಹಾಳೆಯಲ್ಲಿದ್ದ ಭಾನುವಾರಗಳನ್ನು ಮಾತ್ರ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಮಾರನೆಯ ವಾರ ಅವಳು ಒಬ್ಬಳೇ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿ ಬಂದಳು. ಅಲ್ಲಿ ಇಬ್ಬರು ಹೆಂಗಸರು ಏನು ಮಾತಾಡಿಕೊಂಡರೋ ಅವನಿಗೆ ತಿಳಿಯದು. ಹೊಸ ಕನ್ನಡಕದ ಜೊತೆ ಬಂದವಳು, ಸಿಸ್ಟರ್ ಬುಧವಾರ ಬರುತ್ತಾರೆ, ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು.

ಬುಧವಾರ ಅವರು ಬೀದಿಯ ತುದಿಯಲ್ಲಿ ಕಂಡಾಗ ಬೈಂಡರ್ ಕತ್ತರಿ ಕೆಳಗಿಟ್ಟು ಹೊರಗೆ ಬಂದ. ಬೀಗದವನ ಅಂಗಡಿಯ ಮುಂದೆ ಗಿರಾಕಿಗಳಿಗೆ ಹಾಕಿದ್ದ ಮಣೆಯ ಮೇಲೆ ಕೂತ. ಒಳಗೆ ಹೆಂಡತಿ ಒಂದೊಂದೇ ಕಟ್ಟು ಬಿಚ್ಚಿ ತೋರಿಸುತ್ತಿರುವುದು, ಸಿಸ್ಟರ್ ತಮ್ಮ ಪೆನ್ನಿನಿಂದಲೇ ಗೆರೆ ಎಳೆದು ನೋಡುತ್ತಿರುವುದು ಬಾಗಿಲಿನಿಂದ ಅರೆಬರೆ ಕಾಣುತ್ತಿತ್ತು. ಹಸಿರು ಕವರು ಅವರ ಕೈಯಲ್ಲಿರಲಿಲ್ಲ. ಹೊಸ ರೀಫಿಲ್ಲಿಗೆಂದು ಅದರ ಉದ್ದಗಲವನ್ನು ಒಂದು ದಾರದಲ್ಲಿ ಅಳೆದು ತಂದಿದ್ದರು.

ನಿನ್ನ ಅಂಗಡಿಯಲ್ಲಿ ನಿನಗೇ ಜಾಗವಿಲ್ಲವೇನಯ್ಯಾ ಎಂದು ಬೀಗದವನು ಅರ ಉಜ್ಜುತ್ತಲೇ ಕೇಳಿದ. ಬೈಂಡರ್ ಬಾಗಿಲ ಕಡೆಯೇ ನೋಡುತ್ತಿದ್ದ. ಸುಮಾರು ಹೊತ್ತಾದ ಮೇಲೆ ಸಿಸ್ಟರ್ ಮೆಟ್ಟಿಲಿಳಿದು ಅವನ ಮುಂದೆಯೇ ಹಾದುಹೋದರು. ಅವನು ಎದ್ದು ನಿಂತ. ಅವರು ಅವನ ಕಡೆ ತಲೆಯಾಡಿಸಿದರೋ, ಹೆಗಲ ಚೀಲ ಸರಿಮಾಡಿಕೊಳ್ಳಲು ಕತ್ತು ವಾಲಿಸಿದರೋ ಸರಿಯಾಗಿ ತಿಳಿಯಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಒಳಗೆ ಹೋಗಿ ಕತ್ತರಿ ಕೈಗೆತ್ತಿಕೊಂಡ.